ಪೊರೆ ಬಂದ ಹಿಂದಿನ ಕಿಟಕಿ: ಹಳೇ ಎಂಎಕ್ಸ್-5ಗೆ ಪ್ಲಾಸ್ಟಿಕ್ ಕಿಟಕಿ ಹಾಕಿ ಐದು ವರ್ಷ

ನನ್ನ ಮಾಜ್ದಾ ಎಂಎಕ್ಸ್-5 1993ರ ಗಾಡಿ, ಬಟ್ಟೆಯ ಟಾಪ್ (ಚಾವಣಿ) ಮಡಚಿ ಇಳಿಸಬಹುದಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರು. ಹೆಡ್‌ಲೈಟು ನಿದ್ದೆಯಿಂದ ಎದ್ದ ಹಾಗೆ ಮೇಲೇಳುತ್ತಲ್ಲ, ಆ ಮೊದಲ ತಲೆಮಾರಿನದು. ಕೊಂಡಾಗ ಎಂಜಿನ್ ಚೆನ್ನಾಗಿತ್ತು, ಗೇರು ಬೆಣ್ಣೆ ಹಾಗೆ ಬೀಳುತ್ತಿತ್ತು. ಹಿಂದಿನ ಕಿಟಕಿಗೆ ಮಾತ್ರ ಪೊರೆ ಬಂದಿತ್ತು. ಹಗಲಲ್ಲಿ ಹಿಂದೆ ಏನೋ ಒಂದು ಬರುತ್ತಿದೆ ಅನ್ನುವಷ್ಟು ಕಾಣುತ್ತಿತ್ತು, ಅದು ಬಸ್ಸೋ ಬೈಕೋ ಗೊತ್ತಾಗುತ್ತಿರಲಿಲ್ಲ. ರಾತ್ರಿ ಹಿಂದಿನ ಗಾಡಿಯ ಬೆಳಕು ಬಿದ್ದರೆ ಇಡೀ ಕಿಟಕಿ ಟ್ಯೂಬ್‌ಲೈಟಿನ ಹಾಗೆ ಹೊತ್ತಿಕೊಳ್ಳುತ್ತಿತ್ತು. ಒಳಗಿನ ಕನ್ನಡಿ ಇದ್ದೂ ಇಲ್ಲದ ಹಾಗೆ.

ಇದು ಗಾಜಲ್ಲ. ಮಡಚುವ ಟಾಪ್ ಇರುವ ಆ ಕಾಲದ ಹಲವು ಸ್ಪೋರ್ಟ್ಸ್ ಕಾರುಗಳಲ್ಲಿ ಹಿಂದಿನ ಕಿಟಕಿ ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಹಾಳೆ. 1996ರಲ್ಲಿ ಬಂದ ಪೋರ್ಷೆ ಬಾಕ್ಸ್‌ಸ್ಟರ್‌ನಲ್ಲೂ ಹಾಗೇ ಇತ್ತು, 2003ರ ಮಾದರಿಗೆ ಗಾಜು ಬಂತು. ಹೋಂಡಾ ಎಸ್2000ಕ್ಕೆ 2002ರ ಮಾದರಿಯಲ್ಲಿ. ಎಂಎಕ್ಸ್-5ಗೆ ಎರಡನೇ ತಲೆಮಾರಿನಲ್ಲಿ. ಪಿವಿಸಿ ಮೆತ್ತಗಿರುವುದು ಅದರಲ್ಲಿ ಬೆರೆಸಿದ ಎಣ್ಣೆಯಂಥ ಪದಾರ್ಥದಿಂದ. ವರ್ಷಗಳು ಹೋದ ಹಾಗೆ ಅದು ಆರಿಹೋಗುತ್ತದೆ. ಬಿಸಿಲು ಹಾಳೆಯನ್ನು ಹಳದಿ ಮಾಡುತ್ತದೆ. ಆಮೇಲೆ ಒಂದು ಚಳಿಯ ಬೆಳಿಗ್ಗೆ ನೀವು ಅವಸರದಲ್ಲಿ ಟಾಪ್ ಇಳಿಸುತ್ತೀರಿ, ಹಪ್ಪಳ ಮುರಿದ ಸದ್ದು ಬರುತ್ತದೆ. ಅಲ್ಲಿಗೆ ಮುಗೀತು.

ನಾನು ಮೊದಲು ಎಲ್ಲರ ಹಾಗೆ ಪಾಲಿಶ್ ಹಿಡಿದೆ. ನಾಚಿಕೆ ಬಿಟ್ಟು ಹೇಳಬೇಕಂದ್ರೆ ಅದಕ್ಕೂ ಮೊದಲು ಟೂತ್‌ಪೇಸ್ಟ್ ಹಿಡಿದೆ. ಎರಡೂ ಸ್ವಲ್ಪ ಕೆಲಸ ಮಾಡಿದವು, ಯಾಕಂದ್ರೆ ಎರಡೂ ಮೇಲಿನ ಸಣ್ಣ ಗೀರುಗಳನ್ನು ತೀಡಿ ನಯ ಮಾಡುತ್ತವೆ. ಭಾನುವಾರ ಅರ್ಧ ದಿನ ಕೂತು ತಿಕ್ಕಿದರೆ ಸೋಮವಾರ ಹಿಂದೆ ಬರುವುದು ಬಸ್ಸು ಅಂತ ಗೊತ್ತಾಗುತ್ತಿತ್ತು. ಒಂದೆರಡು ತಿಂಗಳಲ್ಲಿ ಮತ್ತೆ ಮಂಕು. ಹಳದಿಯಂತೂ ಒಂದಿಷ್ಟೂ ಕದಲಲಿಲ್ಲ. ಅದು ಹಾಳೆಯ ಒಳಗೇ ಇಳಿದಿರುವಾಗ ಮೇಲೆ ಎಷ್ಟು ತಿಕ್ಕಿದರೇನು? ಬರೀ ಗೀರು ಬಿದ್ದ ಕಿಟಕಿಯಾದರೆ ಪಾಲಿಶ್ ಹಾಕಿ ನೋಡಿ. ಹಳದಿಯಾಗಿ ಗಟ್ಟಿಯಾಗಿದ್ದರೆ ತೋಳು ನೋಯಿಸಿಕೊಳ್ಳಬೇಡಿ.

ಬದಲಾಯಿಸಲು ಎರಡು ದಾರಿ ಇದ್ದವು. ಒಂದು, ಟಾಪ್ ಪೂರ್ತಿ ತೆಗೆದು ಗಾಜಿನ ಕಿಟಕಿ ಇರುವ ಹೊಸ ಟಾಪ್ ಹಾಕುವುದು. ಎರಡನೇ ತಲೆಮಾರಿನ ಗಾಜಿನ ಟಾಪ್ ಮೊದಲನೆಯದಕ್ಕೂ ಕೂರುತ್ತದೆ. ಇನ್ನೊಂದು, ಕಿಟಕಿಯನ್ನಷ್ಟೇ ಬದಲಾಯಿಸುವುದು. ನಮ್ಮ ಗಾಡಿಯಲ್ಲಿ ಕಿಟಕಿಯ ಸುತ್ತ ಜಿಪ್ ಇದೆ. ಜಿಪ್ಪಿನ ಅರ್ಧ ಟಾಪ್‌ಗೆ, ಇನ್ನರ್ಧ ಕಿಟಕಿಗೆ ಹೊಲಿದಿರುತ್ತದೆ, ಹೊಲಿಗೆ ಬಿಚ್ಚದೇ ಕಿಟಕಿ ಕೈಗೆ ಬರುತ್ತದೆ. ನನ್ನ ಟಾಪ್‌ನ ಬಟ್ಟೆ ಇನ್ನೂ ಗಟ್ಟಿಯಾಗಿತ್ತು. ಅದನ್ನು ಕಿತ್ತು ಎಸೆಯಲು ಮನಸ್ಸು ಬರಲಿಲ್ಲ. ಗೊತ್ತಿದ್ದವರೆಲ್ಲ "ಗಾಜೇ ಹಾಕು, ಆಮೇಲೆ ಪಶ್ಚಾತ್ತಾಪ ಪಡ್ತೀಯ" ಅಂದರು. ನಾನು ಪ್ಲಾಸ್ಟಿಕ್ ಹಾಕಿದೆ. ಈ ಐದು ವರ್ಷದಲ್ಲಿ ಪಶ್ಚಾತ್ತಾಪ ಪಟ್ಟೆನೋ ಇಲ್ಲವೋ ಮುಂದೆ ಹೇಳುತ್ತೇನೆ.

ಮೊದಲ ತಪ್ಪು ಕೊಳ್ಳುವಾಗಲೇ ಆಯಿತು. ಆನ್‌ಲೈನ್‌ನಲ್ಲಿ ಎಲ್ಲಕ್ಕಿಂತ ಕಡಿಮೆಗೆ ಸಿಕ್ಕಿದ್ದನ್ನು ತರಿಸಿದೆ. ಫೋಟೋದಲ್ಲಿ ಚೆನ್ನಾಗೇ ಇತ್ತು. ಬಂದದ್ದು ನಾಲ್ಕಾಗಿ ಮಡಚಿ ಕವರಿನಲ್ಲಿ ತುರುಕಿದ ಹಾಳೆ. ಇಂಥ ಕಿಟಕಿಯನ್ನು ಯಾವತ್ತೂ ಸುತ್ತಿ ಕೊಳವೆಯಲ್ಲಿಟ್ಟು ಕಳಿಸಬೇಕು, ಮಡಚಿದ ಗೆರೆ ಮತ್ತೆ ಹೋಗುವುದಿಲ್ಲ. ಅದು ಸಾಲದು ಅಂತ ಜಿಪ್ಪಿನ ಹಲ್ಲುಗಳೂ ನನ್ನ ಟಾಪ್‌ನ ಹಲ್ಲುಗಳೂ ಬೇರೆ ಬೇರೆ ಅಳತೆಯವು. ಸ್ವಲ್ಪ ದೂರ ಹೋಗಿ ಜಿಪ್ ಸಿಕ್ಕಿಹಾಕಿಕೊಂಡಿತು. ಮಾರಿದವರು ಮೂರು ಪತ್ರಗಳಿಗೆ ಉತ್ತರ ಕೊಡಲಿಲ್ಲ, ನಾಲ್ಕನೆಯದಕ್ಕೆ "ಜೋರಾಗಿ ಎಳೆಯಿರಿ" ಅಂದರು. ಆ ಹಾಳೆ ಈಗ ನಮ್ಮ ಮನೆಯಲ್ಲಿ ಗಿಡಗಳ ಕುಂಡದ ಕೆಳಗಿದೆ. ಆ ಕೆಲಸಕ್ಕೆ ಪರವಾಗಿಲ್ಲ.

ಎರಡನೇ ಸಲ ಈ ಟಾಪ್‌ಗಳನ್ನೇ ಹೊಲಿಯುವವರ ಹತ್ತಿರ ತರಿಸಿದೆ. ನನ್ನ ಜಿಪ್ಪಿನ ಫೋಟೋವನ್ನು ಅಳತೆಪಟ್ಟಿಯ ಜೊತೆ ಕಳಿಸಿ, "ಇದಕ್ಕೆ ಸೇರುತ್ತಾ?" ಅಂತ ಕೇಳಿಯೇ ತರಿಸಿದ್ದು. ಕೈಗೆ ಬಂದಾಗಲೇ ವ್ಯತ್ಯಾಸ ಗೊತ್ತಾಯಿತು. ಹಾಳೆ ದಪ್ಪ, ಹಿಂದಿನ ದೃಶ್ಯ ಅಲೆಅಲೆಯಾಗಿ ಕಾಣುವುದಿಲ್ಲ. ಕೊಳ್ಳುವ ಮೊದಲು ಕೈಗೆ ಸಿಕ್ಕರೆ ಹಾಳೆಯನ್ನು ಓರೆಯಾಗಿ ಹಿಡಿದು ಅದರ ಮೂಲಕ ನೆಟ್ಟಗಿರುವ ಒಂದು ಕಂಬ ನೋಡಿ. ಕಂಬ ಬಳುಕಿದರೆ ಬೇಡ.

ಹಾಕಿದ ದಿನದ ಕಥೆ ಸ್ವಲ್ಪ ಉದ್ದ, ಆದರೆ ಕೆಲಸವಿರುವುದು ಅಲ್ಲೇ. ಸೀಟುಗಳ ಹಿಂದಿನ ಕಟ್ಟೆಯ ಮೇಲಿನ ಕಾರ್ಪೆಟ್ ತೆಗೆದರೆ ತಗಡಿನ ಪಟ್ಟಿಗಳು ಕಾಣುತ್ತವೆ. ಅವು ಕಿಟಕಿಯ ಕೆಳಗಿನ ಅಂಚನ್ನು ಅದುಮಿ ಹಿಡಿದಿರುತ್ತವೆ. ಪಟ್ಟಿಗಳನ್ನು ಹಿಡಿದಿರುವುದು 10 ಎಂಎಂ ನಟ್‌ಗಳು. ಸಾಕೆಟ್ ಸ್ಪ್ಯಾನರ್ ಇದ್ದರೆ ಸಾಕು. ಕಷ್ಟವಿರುವುದು ಕೂರುವುದರಲ್ಲಿ. ಬೂಟಿಗೂ ಸೀಟಿಗೂ ನಡುವಿನ ಆ ಸಂದಿಯಲ್ಲಿ ಒಂದು ಕೈ ಹೋದರೆ ಇನ್ನೊಂದು ಕೈ ಹೋಗುವುದಿಲ್ಲ, ಎರಡೂ ಹೋದರೆ ತಲೆ ಹೋಗುವುದಿಲ್ಲ. ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಕೂತಿದ್ದ ನಟ್‌ಗಳು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿದ್ದೆ. ಆದರೂ ಒಂದು ನಟ್ ಬೋಲ್ಟಿನ ಸಮೇತ ಮುರಿದು ಬಂತು. ಆ ಬೋಲ್ಟುಗಳು ಪೆನ್ಸಿಲ್‌ಗಿಂತ ಸಣ್ಣ, ಬಿಚ್ಚುವಾಗಲೂ ಬಿಗಿಯುವಾಗಲೂ ಬಲ ತೋರಿಸಬಾರದು. ಒಂದು ಹೋದರೆ ಅಕ್ಕಪಕ್ಕದವು ಹಿಡಿದುಕೊಳ್ಳುತ್ತವೆ. ಒಂದೇ ಕಡೆ ಎರಡು ಮೂರು ಹೋದರೆ ನೀರು ಅಲ್ಲೇ ದಾರಿ ಮಾಡಿಕೊಳ್ಳುತ್ತದೆ.

ಪಟ್ಟಿ ತೆಗೆದಾಗ ಕೆಳಗೆ ಮಳೆನೀರು ಹರಿಯುವ ಪ್ಲಾಸ್ಟಿಕ್ ದೋಣಿ ಕಾಣುತ್ತದೆ. ಟಾಪ್ ಮೇಲಿನಿಂದ ಇಳಿದ ನೀರು ಅದರಲ್ಲಿ ಎಡಕ್ಕೂ ಬಲಕ್ಕೂ ಹರಿದು, ಸೀಟುಗಳ ಹಿಂದಿನ ಎರಡು ತೂತುಗಳ ಮೂಲಕ ಗಾಡಿಯ ಕೆಳಗೆ ಹೋಗಬೇಕು. ನನ್ನದರಲ್ಲಿ ಎಡಗಡೆಯ ತೂತಿನಲ್ಲಿ ಕಪ್ಪು ಗೊಬ್ಬರ ಕಟ್ಟಿತ್ತು, ಅದರಲ್ಲೊಂದು ಸಣ್ಣ ಗಿಡ ಬೇರೆ. ಎಷ್ಟೋ ಮಳೆಗೆ ಕಾರ್ಪೆಟ್ ಒದ್ದೆಯಾದಾಗೆಲ್ಲ ನಾನು ಪಾಪದ ಕಿಟಕಿಯನ್ನು ಬೈದಿದ್ದೆ! ಬಳುಕುವ ಪ್ಲಾಸ್ಟಿಕ್ ತಂತಿ ಬಿಟ್ಟು, ನೀರು ಸುರಿದು, ಕೆಳಗೆ ಧಾರೆಯಾಗಿ ಬರುವವರೆಗೂ ಬಿಡಿಸಿದೆ. ಮೊನೆ ಇರುವ ಕಬ್ಬಿಣ ತುರುಕಬೇಡಿ, ಕೊಳವೆ ತೂತಾದರೆ ನೀರು ಗಾಡಿಯ ಒಳಮೈಯಲ್ಲೇ ನಿಂತು ತುಕ್ಕು ಹಿಡಿಸುತ್ತದೆ. ಕಿಟಕಿ ಬದಲಾಯಿಸದಿದ್ದರೂ ಸರಿ, ವರ್ಷಕ್ಕೆರಡು ಸಲ ಇದೊಂದು ಮಾಡಿ.

ಹೊಸ ಕಿಟಕಿಯನ್ನು ಬಿಸಿಲಲ್ಲಿ ಹರಡಿ ಒಂದು ಗಂಟೆ ಬಿಟ್ಟೆ. ಬಿಸಿಗೆ ಅದು ಹಿಗ್ಗುತ್ತದೆ, ಮೆತ್ತಗಾಗುತ್ತದೆ. ತಣ್ಣಗಿರುವಾಗ ಜಿಪ್ಪಿನ ಎರಡು ಬದಿಗಳು ಮುನಿಸಿಕೊಂಡ ನೆಂಟರ ಹಾಗೆ ದೂರ ನಿಲ್ಲುತ್ತವೆ. ಇನ್ನೊಂದು ಉಪಾಯ ನನಗೆ ತಡವಾಗಿ ಗೊತ್ತಾಯಿತು. ಜಿಪ್ ಎಳೆಯುವ ಮೊದಲು ಮುಂದಿನ ಗಾಜಿನ ಮೇಲಿರುವ ಎರಡು ಲಾಚ್ ಬಿಚ್ಚಿ ಟಾಪ್ ಅನ್ನು ಒಂದು ಗೇಣು ಎತ್ತಿಡಿ. ಬಟ್ಟೆ ಸಡಿಲವಾಗುತ್ತದೆ, ಜಿಪ್ ತಾನೇ ಓಡುತ್ತದೆ. ಇದು ಗೊತ್ತಿಲ್ಲದೆ ಅರ್ಧ ಗಂಟೆ ಜಿಪ್ಪಿನ ಜೊತೆ ಗುದ್ದಾಡಿದೆ. ಹಲ್ಲುಗಳಿಗೆ ಮೇಣದ ಬತ್ತಿ ಸವರಿದ್ದು ಒಳ್ಳೆಯದೇ ಆಯಿತು. ಬೆಳಿಗ್ಗೆ ಶುರು ಮಾಡಿದ್ದು ಮುಗಿಯುವಾಗ ಸಂಜೆ. ಇನ್ನೊಮ್ಮೆ ಮಾಡಿದರೆ ಮೂರು ಗಂಟೆ ಸಾಕು ಅನ್ನಿಸುತ್ತದೆ. ಸುತ್ತಿ ಬಂದಿದ್ದರಿಂದ ಹಾಳೆಯಲ್ಲಿ ಅಲ್ಲಲ್ಲಿ ಉಬ್ಬು ಇತ್ತು. ನಾಲ್ಕೈದು ದಿನದ ಬಿಸಿಲಿಗೆ ತಾನೇ ಬಿಗಿಯಾಯಿತು.

ಅವತ್ತು ರಾತ್ರಿ ಒಂದು ಸುತ್ತು ಹೋದೆ. ಹಿಂದೆ ಬಂದ ಕಾರಿನ ಎರಡು ಲೈಟು ಎರಡಾಗಿಯೇ ಕಂಡವು. ಅದಕ್ಕಿಂತ ಜಾಸ್ತಿ ಏನು ಬೇಕು?

ಇನ್ನು ಬಳಕೆ. ಈ ಕಿಟಕಿ ಎಷ್ಟು ದಿನ ಬಾಳುತ್ತದೆ ಅನ್ನುವುದು ಬಹುಪಾಲು ನಿಮ್ಮ ಕೈಯಲ್ಲಿದೆ. ಟಾಪ್ ಇಳಿಸುವ ಮೊದಲು ಜಿಪ್ ಬಿಚ್ಚಿ ಕಿಟಕಿಯನ್ನು ಹಿಂದಿನ ಕಟ್ಟೆಯ ಮೇಲೆ ಚಪ್ಪಟೆಯಾಗಿ ಮಲಗಿಸಬೇಕು, ಅದರ ಮೇಲೊಂದು ಮೆತ್ತನೆಯ ಹತ್ತಿ ಬಟ್ಟೆ ಹಾಸಬೇಕು. ಹಾಗೇ ಮಡಚಿದರೂ ಟಾಪ್ ಇಳಿಯುತ್ತದೆ, ಆದರೆ ಪ್ರತಿ ಸಲ ಒಂದೇ ಗೆರೆಯಲ್ಲಿ ಮಡಚಿ ಅಲ್ಲಿಂದಲೇ ಬಿರಿಯುತ್ತದೆ. ಬಾಕ್ಸ್‌ಸ್ಟರ್ ಇಟ್ಟುಕೊಂಡವರಿಗೆ ಜಿಪ್ಪಿನ ಭಾಗ್ಯವಿಲ್ಲ. ಟಾಪ್ ಅರ್ಧ ಇಳಿದಾಗ ನಿಲ್ಲಿಸಿ, ಗಾಡಿಯಿಂದ ಇಳಿದು, ಕಿಟಕಿಗೆ ಅಂಗೈ ಅಂಚಿನಿಂದ ಕರಾಟೆಯವರ ಹಾಗೆ ಒಂದು ಏಟು ಕೊಟ್ಟು ಸರಿಯಾಗಿ ಮಡಚುವಂತೆ ಮಾಡುತ್ತಾರೆ. ಪೋರ್ಷೆ ಕೊಂಡವರಿಗೂ ತಪ್ಪದ ಕಷ್ಟ ನೋಡಿ.

ಒರೆಸುವುದರಲ್ಲಿ ನಾನು ಒಮ್ಮೆ ಎಡವಿದೆ. ಮನೆಗೆ ಬಂದ ನನ್ನ ತಮ್ಮ ಪ್ರೀತಿಯಿಂದ ಗಾಡಿ ಒರೆಸಿದ, ಒಣ ಬಟ್ಟೆಯಲ್ಲಿ, ಧೂಳಿದ್ದ ಕಿಟಕಿಯನ್ನೂ ಸೇರಿಸಿ. ಗುಂಡಗುಂಡನೆ ಗೀರುಗಳು ಇವತ್ತಿಗೂ ಬಿಸಿಲಲ್ಲಿ ಅವನನ್ನು ನೆನಪಿಸುತ್ತವೆ. ಮೊದಲು ನೀರು ಸುರಿದು ಧೂಳು ಇಳಿಸಿ, ಆಮೇಲೆ ಸೋಪಿನ ನೀರು, ಆಮೇಲೆ ಒದ್ದೆ ಬಟ್ಟೆ. ಪೇಪರ್ ಬೇಡ. ಮನೆಯ ಕಿಟಕಿಗೆ ಹಾಕುವ ಅಮೋನಿಯಾ ಇರುವ ಸ್ಪ್ರೇ ಬೇಡವೇ ಬೇಡ, ಅದು ಈ ಪ್ಲಾಸ್ಟಿಕ್ ಅನ್ನು ಮಂಕು ಮಾಡುತ್ತದೆ. ಗಾಡಿಗೆ ಹೊದಿಕೆ ಹಾಕುವವರಿಗೂ ಒಂದು ಮಾತು. ಸಡಿಲ ಹೊದಿಕೆ ಗಾಳಿಗೆ ಪಟಪಟ ಅಂತ ಬಡಿದು ಇಡೀ ರಾತ್ರಿ ಕಿಟಕಿಯನ್ನು ಉಜ್ಜುತ್ತಿರುತ್ತದೆ.

ಗಾಜು ಹಾಕಿದ ಗೆಳೆಯರ ಗಾಡಿಯಲ್ಲೂ ಓಡಾಡಿದ್ದೇನೆ. ಸುಳ್ಳು ಹೇಳಬಾರದು, ಮಳೆಗಾಲದಲ್ಲಿ ಅದರ ಸುಖವೇ ಬೇರೆ. ಒಳಗೆ ಆವಿ ಕಟ್ಟಿದರೆ ಅವರು ಸ್ವಿಚ್ ಒತ್ತುತ್ತಾರೆ, ಗಾಜಿನಲ್ಲಿರುವ ಬಿಸಿತಂತಿ ಎರಡು ನಿಮಿಷದಲ್ಲಿ ಕ್ಲೀನ್ ಮಾಡುತ್ತದೆ. ನಾನು ಕೈ ಹಿಂದೆ ಚಾಚಿ ಬಟ್ಟೆಯಲ್ಲಿ ಒರೆಸುತ್ತೇನೆ. ಅವರು ಟಾಪ್ ಇಳಿಸಲು ಹತ್ತು ಸೆಕೆಂಡು ಸಾಕು, ಸಿಗ್ನಲ್‌ನಲ್ಲೇ ಇಳಿಸುತ್ತಾರೆ. ನನ್ನದು ಜಿಪ್ಪು, ಬಟ್ಟೆ, ಮಲಗಿಸುವುದು ಅಂತ ಪೂಜೆಗೆ ಕೂತ ಹಾಗೆ. ಗಾಡಿ ರಾತ್ರಿ ಹಗಲು ಬಯಲಲ್ಲೇ ನಿಲ್ಲುವುದಾದರೆ, ದಿನಾ ಅದರಲ್ಲೇ ಕೆಲಸಕ್ಕೆ ಹೋಗುವುದಾದರೆ ಗಾಜೇ ಹಾಕಿ. ಟಾಪ್ ಬಟ್ಟೆ ಹೇಗೂ ಹರಿದಿದ್ದರಂತೂ ಯೋಚನೆಯೇ ಬೇಡ.

ಆದರೂ ನಾನು ಪಶ್ಚಾತ್ತಾಪ ಪಡಲಿಲ್ಲ. ಕಾರಣ ಆ ಜಿಪ್ಪೇ. ಉರಿಬಿಸಿಲಿನಲ್ಲಿ ಟಾಪ್ ಇಳಿಸಿದರೆ ನೆತ್ತಿ ಸುಡುತ್ತದೆ, ಏರಿಸಿದರೆ ಒಳಗೆ ಬೇಯುತ್ತದೆ. ಟಾಪ್ ಏರಿಸಿಟ್ಟು ಹಿಂದಿನ ಕಿಟಕಿ ಮಾತ್ರ ಬಿಚ್ಚಿ ಮಲಗಿಸಿ ಒಮ್ಮೆ ಓಡಿಸಿ ನೋಡಿ. ತಲೆ ಮೇಲೆ ನೆರಳು, ಬೆನ್ನ ಹಿಂದಿನಿಂದ ಗಾಳಿ, ಸೈಲೆನ್ಸರ್ ಸದ್ದು ನೇರ ಕಿವಿಗೆ. ಹಿಂದಿನದು ಕಾಣುವುದಂತೂ ಯಾವ ಗಾಜಿಗಿಂತಲೂ ಸ್ಪಷ್ಟ, ಅಲ್ಲಿ ಏನೂ ಇಲ್ಲವಲ್ಲ! ಗಾಡಿಗಳು ಸಾಲುಗಟ್ಟಿ ನಿಂತ ಕಡೆ ಮಾತ್ರ ಹೊಗೆ ಒಳಗೆ ಬರುತ್ತದೆ, ಆಗ ಮುಚ್ಚಬೇಕು. ಜಿಪ್ ಇಲ್ಲದ ಗಾಜಿನ ಟಾಪ್‌ನಲ್ಲಿ ಈ ಸುಖ ಇಲ್ಲ. ವರ್ಷದ ಅರ್ಧ ಭಾಗ ನಾನು ಹೀಗೇ ಓಡಿಸುತ್ತೇನೆ.

ಐದು ವರ್ಷದ ನಂತರ ಈಗ ಹೇಗಿದೆ ಅಂದರೆ: ನಡುವೆ ಇನ್ನೂ ಸ್ಪಷ್ಟ. ತಮ್ಮನ ಗೀರುಗಳಿವೆ. ಅಂಚುಗಳ ಹತ್ತಿರ ತುಸು ಹಳದಿ ಶುರುವಾಗಿದೆ, ಬಿಳಿ ಹಾಳೆ ಹಿಂದೆ ಹಿಡಿದರೆ ಮಾತ್ರ ಕಾಣುತ್ತದೆ. ಮೊದಲಿನಷ್ಟು ಮೆತ್ತಗಿಲ್ಲ, ಚಳಿಯಲ್ಲಿ ಜಿಪ್ ಎಳೆಯಲು ಒಂದು ಉಸಿರು ಜಾಸ್ತಿ ಬೇಕು. ಬಲಗಡೆಯ ಮೇಲಿನ ಮೂಲೆಯಲ್ಲಿ ಜಿಪ್ ತಿರುಗುವ ಕಡೆ ಒಂದು ಹಲ್ಲು ಹೋಗಿದೆ. ಅದು ಕಿಟಕಿಯ ಕಡೆಯ ಹಲ್ಲಲ್ಲ, ಟಾಪ್‌ನ ಕಡೆಯದು. ಹಳೇ ಜಿಪ್ಪಿನ ಅರ್ಧಕ್ಕೆ ಹೊಸ ಅರ್ಧ ಸೇರಿಸಿದರೆ ಮೊದಲು ಸೋಲುವುದು ಹಳೆಯದೇ ಅಲ್ವಾ? ಸದ್ಯಕ್ಕೆ ಅಲ್ಲಿ ಬೆರಳಿಂದ ಒತ್ತಿಕೊಂಡು ಎಳೆಯುತ್ತೇನೆ, ದಾಟುತ್ತದೆ. ಮಳೆ ಶುರುವಾಗುವ ಮೊದಲು ಟಾಪ್‌ನ ಕಡೆಯ ಅರ್ಧವನ್ನು ಬಿಚ್ಚಿಸಿ ಹೊಸದು ಹೊಲಿಸಬೇಕು. ಕಿಟಕಿ ಇನ್ನೊಂದೆರಡು ವರ್ಷ ಇದೇ ಇರಲಿ.