ಪರ್ಸಿಸ್ಟೆಂಟ್ ಮೆಮೊರಿಗೆ ಸೊನ್ನೆ ತುಂಬೋದು: ನಾಲ್ಕು ದಾರಿ ಹಿಡಿದು ನೋಡಿದೆ

ಕೆಲವು ತಿಂಗಳಿಂದ ಒಂದು ಸಣ್ಣ ಲಾಗ್ ಸ್ಟೋರ್, ಅಂದರೆ ದಾಖಲೆಗಳನ್ನು ಒಂದರ ಹಿಂದೊಂದು ಬರೆದಿಡುವ ಪ್ರೋಗ್ರಾಂ, ಬರೆಯುತ್ತಿದ್ದೇನೆ. ಪರ್ಸಿಸ್ಟೆಂಟ್ ಮೆಮೊರಿಯ (ರ್‍ಯಾಮ್ ಥರ ನೇರ ಮುಟ್ಟಬಹುದು, ಆದರೆ ಕರೆಂಟ್ ಹೋದರೂ ಬರೆದದ್ದು ಉಳಿಯುತ್ತದೆ) ಮೇಲೆ ಒಂದು ಫೈಲ್, ಅದರೊಳಗೆ 64 ಎಂಬಿಯ ತುಂಡುಗಳು. ಒಂದು ತುಂಡಿನ ಕೆಲಸ ಮುಗಿದರೆ ಅದನ್ನು ಪೂರ್ತಿ ಸೊನ್ನೆ ಮಾಡಿ ಮತ್ತೆ ಬಳಸಬೇಕು. ಲಾಗ್ ಎಲ್ಲಿ ಮುಗಿಯಿತು ಅಂತ ಓದುವ ಕೋಡ್‌ಗೆ ಗೊತ್ತಾಗೋದೇ ಸೊನ್ನೆ ಸಿಕ್ಕಾಗ. ಅರ್ಧ ಸೊನ್ನೆಯಾಗಿ ಅರ್ಧ ಹಳೇ ದಾಖಲೆ ಉಳಿದರೆ, ಹಳೇದನ್ನೇ ಹೊಸದು ಅಂದುಕೊಂಡು ಓದಿಬಿಡುತ್ತದೆ. ಕಲಬುರಗಿಯಲ್ಲಿ ಕೂತು ಬರೆಯುವವನಿಗೆ ಏಪ್ರಿಲ್‌ನಲ್ಲಿ ಕರೆಂಟ್ ಯಾವ ಗಳಿಗೆಯಲ್ಲಿ ಬೇಕಾದರೂ ಹೋಗಬಹುದು ಅನ್ನೋದು ಬೇರೆ ಹೇಳಬೇಕಾಗಿಲ್ಲ. ಸೊನ್ನೆ ಹಾಕುವ ಮಧ್ಯದಲ್ಲೇ ಹೋದರೆ ಏನು, ಅನ್ನೋದೇ ನನ್ನ ಪ್ರಶ್ನೆ.

ಅಸಲಿ ಪರ್ಸಿಸ್ಟೆಂಟ್ ಮೆಮೊರಿ ಕಡ್ಡಿ ನನ್ನ ಹತ್ತಿರ ಇಲ್ಲ. ಇಂಟೆಲ್‌ನ ಆಪ್ಟೇನ್ ಕಡ್ಡಿಗಳು 2019ರಲ್ಲಿ ಬಂದವು, 2022ರ ಜುಲೈನಲ್ಲಿ ಕಂಪನಿ ಆ ವ್ಯಾಪಾರವನ್ನೇ ಮುಚ್ಚುತ್ತೇವೆ ಅಂತು. ಹಾಗಾಗಿ ಮನೆಯ ಡೆಸ್ಕ್‌ಟಾಪ್‌ನಲ್ಲಿ ಲಿನಕ್ಸ್ ಬೂಟ್ ಆಗುವಾಗಲೇ 4 ಜಿಬಿ ರ್‍ಯಾಮ್ ತೆಗೆದಿಟ್ಟು, ಅದನ್ನೇ ಪರ್ಸಿಸ್ಟೆಂಟ್ ಮೆಮೊರಿ ಅಂತ ಕರ್ನಲ್‌ಗೆ ತೋರಿಸಿದೆ. ಬೂಟ್ ಸಾಲಿನಲ್ಲಿ ಮೆಮ್‌ಮ್ಯಾಪ್ ಅಂತ ಒಂದು ಮಾತು ಸೇರಿಸಿದರೆ ಸಾಕು. ಅದರ ಮೇಲೆ ಎಕ್ಸ್ಟ್4 ಫೈಲ್‌ಸಿಸ್ಟಂ, ಡ್ಯಾಕ್ಸ್ ಆನ್. ಡ್ಯಾಕ್ಸ್ ಅಂದರೆ ಪೇಜ್ ಕ್ಯಾಶ್ (ಫೈಲ್‌ಗಳ ನಕಲನ್ನು ಕರ್ನಲ್ ಇಟ್ಟುಕೊಳ್ಳುವ ಜಾಗ) ಮಧ್ಯೆ ಬರಲ್ಲ, ಪ್ರೋಗ್ರಾಂ ನೇರವಾಗಿ ಆ ಮೆಮೊರಿಯನ್ನೇ ಮುಟ್ಟುತ್ತದೆ. ಕೆಟ್ಟ ಜಾಗದ ಪರೀಕ್ಷೆಗೆ ಬೇರೆ ವರ್ಚುವಲ್ ಮಷೀನ್. ಅದರಲ್ಲಿ ಕರ್ನಲ್ ಸೋರ್ಸ್ ಜೊತೆಗೇ ಬರುವ ಎನ್‌ಫಿಟ್ ಟೆಸ್ಟ್ ಮಾಡ್ಯೂಲ್ ಹಾಕಿದರೆ, ಬೇಕಾದ ಸೆಕ್ಟರ್ ಕೆಟ್ಟಿದೆ ಅಂತ ನಾವೇ ಗುರುತು ಹಾಕಬಹುದು.

ಮೊದಲು ಎಲ್ಲರಿಗೂ ಹೊಳೆಯುವ ದಾರಿ: ಫೈಲನ್ನು ಎಂಮ್ಯಾಪ್ ಮಾಡಿ (ಅಂದರೆ ಪ್ರೋಗ್ರಾಂನ ಮೆಮೊರಿ ವಿಳಾಸಗಳಿಗೆ ಜೋಡಿಸಿ), ಒಂದೇ ಬೈಟ್ ಉದ್ದಕ್ಕೂ ತುಂಬುವ ಮೆಮ್‌ಸೆಟ್. ಒಂದೇ ಸಾಲಿನ ಕೋಡ್. ತಕ್ಷಣ ಓದಿದರೆ ಎಲ್ಲಾ ಸೊನ್ನೆ, ನೋಡಿದವರಿಗೆ ಕೆಲಸ ಆಯಿತು ಅನಿಸುತ್ತದೆ. ಆದರೆ ಆ ಸೊನ್ನೆಗಳಲ್ಲಿ ಎಷ್ಟು ಮೆಮೊರಿಗೆ ಇಳಿದಿವೆ, ಎಷ್ಟು ಇನ್ನೂ ಸಿಪಿಯು ಕ್ಯಾಶ್‌ನಲ್ಲೇ ಕೂತಿವೆ ಅನ್ನೋದು ಗೊತ್ತಾಗಲ್ಲ. ಕ್ಯಾಶ್ ತನಗೆ ಅನುಕೂಲವಾದಾಗ, ತನಗೆ ಬೇಕಾದ ಕ್ರಮದಲ್ಲಿ 64 ಬೈಟ್‌ನ ಸಾಲುಗಳನ್ನು ಹೊರಗೆ ಹಾಕುತ್ತದೆ. ಕರೆಂಟ್ ಹೋದರೆ ಉಳಿದ ಸಾಲುಗಳು ಹೋದ ಹಾಗೇ. ಇದನ್ನು ಪತ್ತೆ ಮಾಡುವ ವಾಲ್‌ಗ್ರಿಂಡ್‌ನ ಪಿಮೆಮ್‌ಚೆಕ್ ಅನ್ನೋ ಸಲಕರಣೆ ಓಡಿಸಿದೆ. ಬರೆದದ್ದು ಪರ್ಸಿಸ್ಟೆಂಟ್ ಆಗಿಲ್ಲ ಅಂತ ಉದ್ದದ ಪಟ್ಟಿ ಕೊಟ್ಟಿತು. ಎಂಸಿಂಕ್ ಸೇರಿಸಿದರೆ ಇದು ಸರಿಹೋಗುತ್ತದೆ, ಬರೆದ ಪೇಜ್‌ಗಳನ್ನು ಕರ್ನಲ್ಲೇ ಫ್ಲಶ್ ಮಾಡುತ್ತದೆ, ಅಂದರೆ ಕ್ಯಾಶ್‌ನಿಂದ ಮೆಮೊರಿಗೆ ಇಳಿಸುತ್ತದೆ. ಆದರೆ ಅಷ್ಟೂ ಸೊನ್ನೆ ಕ್ಯಾಶ್ ಮೂಲಕವೇ ಹಾದುಹೋಗುವುದರಿಂದ, ಅಲ್ಲಿದ್ದ ಕೆಲಸದ ಡೇಟಾ ಸುಮ್ನೆ ಹೊರಗೆ ಬೀಳುತ್ತದೆ. ಲಾಗ್ ಬರೆಯುತ್ತಿದ್ದ ಪಕ್ಕದ ಥ್ರೆಡ್ ಆಗಾಗ ತಡವರಿಸುವುದು ಕಣ್ಣಿಗೇ ಕಾಣುತ್ತಿತ್ತು.

ಎರಡನೆಯದು ಪರ್ಸಿಸ್ಟೆಂಟ್ ಮೆಮೊರಿಗೆಂದೇ ಇರುವ ಲೈಬ್ರರಿ ಲಿಬ್‌ಪಿಮೆಮ್‌ನ ಮೆಮ್‌ಸೆಟ್ ಪರ್ಸಿಸ್ಟ್. ಬರೆಯುವ ಅಳತೆ 256 ಬೈಟ್ ಅಥವಾ ಅದಕ್ಕಿಂತ ಹೆಚ್ಚಾದರೆ ಅದು ಕ್ಯಾಶ್ ಬಿಟ್ಟು ಹೋಗುವ ನಾನ್‌ಟೆಂಪೊರಲ್ ಸ್ಟೋರ್‌ಗೆ ಹೊರಳುತ್ತದೆ, ಕೊನೆಗೆ ಒಂದು ಫೆನ್ಸ್ (ಹಿಂದಿನ ಬರಹ ಮುಗಿಯುವ ತನಕ ಮುಂದೆ ಹೋಗಬೇಡ ಅನ್ನೋ ಸೂಚನೆ) ಹಾಕುತ್ತದೆ. ಇದು ನನಗೆ ತುಂಬಾ ಹಿಡಿಸಿತು. ಪಿಮೆಮ್‌ಚೆಕ್ ತಕರಾರು ಮಾಡಲಿಲ್ಲ, ಪಕ್ಕದ ಥ್ರೆಡ್ ಕೂಡ ಆರಾಮಾಗಿ ಓಡಿತು. ಆ ಕರೆ ಮುಗಿದು ಮರಳಿ ಬಂತು ಅಂದರೆ ಸೊನ್ನೆ ನಿಜವಾಗಿ ಇಳಿದಿದೆ ಅಂತಲೇ ಅರ್ಥ. ತುಂಡಿನ ತಲೆಬರಹದ (ಹೆಡರ್) 8 ಬೈಟ್ ಮೊದಲು ಅಳಿಸಿ, ಆಮೇಲೆ ಒಳಗಿನದ್ದು ಅಳಿಸುವಂಥ ಕ್ರಮ ಬೇಕಿದ್ದರೆ ಇದರಷ್ಟು ಸಲೀಸು ಬೇರೆ ಇಲ್ಲ. 8 ಬೈಟ್‌ನ ಸರಿಯಾಗಿ ಅಲೈನ್ ಆದ ಸ್ಟೋರ್ ಅರ್ಧಕ್ಕೆ ನಿಲ್ಲುವುದಿಲ್ಲ. ಒಂದೋ ಹಳೇದು, ಇಲ್ಲಾ ಹೊಸದು.

ಇಲ್ಲಿಗೇ ನಿಲ್ಲಿಸುತ್ತಿದ್ದೆ. ಆದರೆ ವರ್ಚುವಲ್ ಮಷೀನ್‌ನಲ್ಲಿ ತುಂಡಿನ ನಡುವೆ ಒಂದೇ ಒಂದು ಸೆಕ್ಟರ್, ಅಂದರೆ 512 ಬೈಟ್, ಕೆಟ್ಟಿದೆ ಅಂತ ಗುರುತು ಹಾಕಿ ಓಡಿಸಿದೆ. ಮೆಮ್‌ಸೆಟ್ ಆ ಪೇಜ್ ತನಕ ಹೋಗಿ ಬಸ್ ಎರರ್ (ಆ ಮೆಮೊರಿ ಮುಟ್ಟಲು ಆಗದು ಅಂತ ಕರ್ನಲ್ ಕಳಿಸುವ ಸಂಕೇತ) ತಿಂದು ಸತ್ತಿತು. ಲಿಬ್‌ಪಿಮೆಮ್ ಕೂಡ ಅಲ್ಲೇ, ಅದೇ ಪೇಜ್‌ನಲ್ಲಿ ಸತ್ತಿತು. ಎರಡೂ ಸ್ಟೋರ್ ಮಾಡುವುದು ಪ್ರೋಗ್ರಾಂ ಕಡೆಯಿಂದ. ಕೆಟ್ಟ ಜಾಗದ ಪಟ್ಟಿ ಇರುವುದು ಡ್ರೈವರ್ ಹತ್ತಿರ, ಅದನ್ನು ಸರಿಮಾಡು ಅಂತ ಹಾರ್ಡ್‌ವೇರ್‌ಗೆ ಹೇಳಬಲ್ಲದ್ದೂ ಡ್ರೈವರ್ ಮಾತ್ರ. ಅಸಲಿ ಕಡ್ಡಿಯಲ್ಲಾದರೆ ಹೀಗೆ ಕೆಟ್ಟ ಜಾಗ ಓದಿದಾಗ ಮಷೀನ್ ಚೆಕ್, ಅಂದರೆ ಸಿಪಿಯುವೇ ಎತ್ತುವ ಹಾರ್ಡ್‌ವೇರ್ ದೋಷದ ಎಚ್ಚರಿಕೆ, ಬರುತ್ತದೆ, ಅದು ಇನ್ನೂ ಗಂಭೀರ.

ನಮ್ಮ ಮನೆಯದು ಶಹಾಬಾದ್ ಪರಸಿ ಕಲ್ಲಿನ ನೆಲ. ಮೇಲೆ ಒದ್ದೆ ಬಟ್ಟೆ ಆಡಿಸಿ ಬಿಟ್ಟರೆ ಅವ್ವ ಒಪ್ಪುವುದಿಲ್ಲ. "ಸಂದ್ಯಾಗಿನ ಹೊಲಸು ಹಂಗೇ ಅದ ನೋಡು" ಅಂತಾಳೆ. ಆ ದಿನ ಪರದೆಯ ಮೇಲೆ ಕೆಟ್ಟ ಸೆಕ್ಟರ್‌ನ ನಂಬರ್ ಹಾಗೇ ಉಳಿದಿರುವುದು ನೋಡಿದಾಗ ಅವಳ ಮಾತೇ ನೆನಪಾಯಿತು.

ಮೂರನೆಯದು ಫೈಲ್‌ಸಿಸ್ಟಂಗೇ ಹೇಳುವುದು: ಫಾಲೋಕೇಟ್ ಕರೆಯ ಝೀರೋ ರೇಂಜ್ ಆಯ್ಕೆ. 64 ಎಂಬಿ ಇರಲಿ 2 ಜಿಬಿ ಇರಲಿ, ಎಂಟರ್ ಒತ್ತಿದ ಕೂಡಲೇ ಮುಗಿಯುತ್ತದೆ. ಕಾರಣ, ಅದು ಸೊನ್ನೆ ಬರೆಯುವುದೇ ಇಲ್ಲ. ಈ ಬ್ಲಾಕ್‌ಗಳು ಇನ್ನೂ ಬರೆದಿಲ್ಲದವು ಅಂತ ಲೆಕ್ಕದಲ್ಲಿ ಗುರುತು ಹಾಕುತ್ತದೆ, ಅಷ್ಟೇ. ಓದಿದರೆ ಸೊನ್ನೆ ಸಿಗುತ್ತದೆ, ಆದರೆ ಕೆಳಗೆ ಹಳೇ ಡೇಟಾ ಹಾಗೇ ಇರುತ್ತದೆ. ನಿಜವಾದ ಸೊನ್ನೆ ಬೀಳುವುದು ಮೊದಲ ಸಲ ಬರೆಯಲು ಮುಟ್ಟಿದಾಗ. ಆಗ ಪೇಜ್ ಫಾಲ್ಟ್ (ಇನ್ನೂ ಜೋಡಿಸದ ಪೇಜ್ ಮುಟ್ಟಿದಾಗ ಕೆಲಸ ಕರ್ನಲ್‌ಗೆ ಹೋಗುವುದು) ಆಗಿ, ಕರ್ನಲ್ ಆ ಬ್ಲಾಕ್‌ಗೆ ಡ್ರೈವರ್ ಮೂಲಕ ಸೊನ್ನೆ ಬರೆಸುತ್ತದೆ. ಡ್ರೈವರ್ ಮೂಲಕ ಅನ್ನೋದೇ ಇಲ್ಲಿ ಮುಖ್ಯ. ಅದೇ ಕೆಟ್ಟ ಸೆಕ್ಟರ್ ಇಟ್ಟು ಮತ್ತೆ ಓಡಿಸಿದೆ. ಝೀರೋ ರೇಂಜ್, ಆಮೇಲೆ ಆ ಪೇಜ್‌ಗೆ ಒಂದು ಬೈಟ್ ಬರೆದೆ. ಬಸ್ ಎರರ್ ಇಲ್ಲ. ಕೆಟ್ಟ ಜಾಗದ ಪಟ್ಟಿ ತೋರಿಸುವ ಬ್ಯಾಡ್‌ಬ್ಲಾಕ್ಸ್ ಫೈಲ್ ತೆರೆದರೆ ಖಾಲಿ. ಆ ಖಾಲಿ ಫೈಲ್ ನೋಡಿ ಆದ ಖುಷಿ ದೊಡ್ಡದು.

ಇದಕ್ಕೂ ಬೆಲೆ ಇದೆ. 64 ಎಂಬಿ ತುಂಡಿಗೆ 4 ಕೆಬಿ ಲೆಕ್ಕದಲ್ಲಿ 16,384 ಫಾಲ್ಟ್ ಆಗುತ್ತವೆ. ಮ್ಯಾಪ್ ಸಿಂಕ್ ಆಯ್ಕೆ ಹಾಕಿ ಮ್ಯಾಪ್ ಮಾಡಿದ್ದರೆ, ಫೈಲ್‌ಸಿಸ್ಟಂ ತನ್ನ ಲೆಕ್ಕ ಬರೆದು ಮುಗಿಸುವ ಜರ್ನಲ್ ಕಮಿಟ್‌ಗೂ ಕಾಯಬೇಕು. ವಿಳಾಸ ಮತ್ತು ಬ್ಲಾಕ್ ಎರಡೂ 2 ಎಂಬಿಗೆ ಸರಿಯಾಗಿ ಕೂತರೆ ಮಾತ್ರ ಫಾಲ್ಟ್ 32ಕ್ಕೆ ಇಳಿಯುತ್ತದೆ. ಮತ್ತೆ, ಫಾಲೋಕೇಟ್ ಆದ ಮೇಲೆ ಆ ಲೆಕ್ಕವನ್ನು ಗಟ್ಟಿ ಮಾಡುವ ಎಫ್‌ಸಿಂಕ್ ಬೇಕೇ ಬೇಕು. ಇಲ್ಲದಿದ್ದರೆ ಆ ಗುರುತೇ ಕರೆಂಟ್ ಜೊತೆ ಹೋಗಿ ಹಳೇ ದಾಖಲೆ ಮರಳಿ ಬರಬಹುದು.

ನಾಲ್ಕನೆಯದು ಅದೇ ಫಾಲೋಕೇಟ್‌ನ ಪಂಚ್ ಹೋಲ್, ಫೈಲಿನ ನಡುವೆ ತೂತು ಕೊರೆಯುವುದು. ಕೆಟ್ಟ ಜಾಗದ ವಿಷಯದಲ್ಲಿ ಇದೂ ಒಳ್ಳೆಯದೇ, ಒಂದು ಪೂರ್ತಿ ಸೆಕ್ಟರ್ ಆದರೂ ಒಳಗೆ ಬರುವಂತೆ ಕೊಡಬೇಕು. ಆದರೆ ಬ್ಲಾಕ್‌ಗಳನ್ನು ವಾಪಸ್ ಕೊಟ್ಟುಬಿಡುತ್ತದೆ. ನಾನು ಡಿಸ್ಕ್ ತುಂಬಿಸಿ ನೋಡಿದೆ. ಆ ಜಾಗವನ್ನು ಬೇರೆ ಫೈಲ್ ತಗೊಂಡಿತು, ಆಮೇಲೆ ಲಾಗ್ ಬರೆಯಲು ಹೋದರೆ ಜಾಗ ಇಲ್ಲದೆ ಮತ್ತೆ ಬಸ್ ಎರರ್. ಲಾಗ್‌ಗೆ ಇದು ಬೇಡ.

ಕರ್ನಲ್ ಒಳಗೂ ಇದೇ ತಾಕಲಾಟ ಇತ್ತು. ಮೊದಲು ಡ್ಯಾಕ್ಸ್ ಕೋಡ್ ಒಂದು ವ್ಯಾಪ್ತಿಗೆ ಸೊನ್ನೆ ಹಾಕಬೇಕಾದರೆ, ಸೆಕ್ಟರ್‌ಗೆ ಸರಿಯಾಗಿ ಕೂತರೆ ಬ್ಲಾಕ್ ಲೇಯರ್ (ಡಿಸ್ಕ್‌ನಂಥ ಸಾಧನಗಳನ್ನು ನೋಡಿಕೊಳ್ಳುವ ಕರ್ನಲ್ ಭಾಗ) ಮೂಲಕ ಹೋಗುತ್ತಿತ್ತು, ಕೂರದಿದ್ದರೆ ನೇರ ಮೆಮ್‌ಸೆಟ್. 2020ರಲ್ಲಿ ಬಂದ ಕರ್ನಲ್ 5.7ರಲ್ಲಿ ಝೀರೋ ಪೇಜ್ ರೇಂಜ್ ಅಂತ ಡ್ರೈವರ್‌ಗೇ ಒಂದು ಕೆಲಸ ಕೊಟ್ಟರು. ವರ್ಚುವಲ್ ಮಷೀನ್ ಜೊತೆ ಫೈಲ್ ಹಂಚಿಕೊಳ್ಳುವ ವರ್ಟಿಯೋಎಫ್‌ಎಸ್‌ನಂಥ ಫೈಲ್‌ಸಿಸ್ಟಂಗೆ ಬೆನ್ನಿಗೆ ಬ್ಲಾಕ್ ಡಿವೈಸೇ ಇರುವುದಿಲ್ಲ, ಹಾಗಾಗಿ ಬ್ಲಾಕ್ ಲೇಯರ್ ನಂಬಿ ಕೂರಲು ಆಗುತ್ತಿರಲಿಲ್ಲ. ಪೂರ್ತಿ ಪೇಜ್ ಆದರೆ ಡ್ರೈವರ್ ಬರೆಯುತ್ತದೆ, ಕೆಟ್ಟ ಗುರುತನ್ನೂ ತೆಗೆಯುತ್ತದೆ. ಪೇಜ್‌ನ ತುಣುಕಾದರೆ ಈಗಲೂ ಮೆಮ್‌ಸೆಟ್ ಮತ್ತು ಫ್ಲಶ್.

ಈಗ ನನ್ನ ಕೋಡ್‌ನಲ್ಲಿ ಎರಡು ದಾರಿ ಸೇರಿವೆ. ತಲೆಬರಹವನ್ನು ಲಿಬ್‌ಪಿಮೆಮ್‌ನಿಂದ ಮೊದಲು ಅಳಿಸುತ್ತೇನೆ. ಆಮೇಲೆ ಇಡೀ ತುಂಡಿಗೆ ಝೀರೋ ರೇಂಜ್, ಎಫ್‌ಸಿಂಕ್. ಹಿನ್ನೆಲೆಯ ಒಂದು ಥ್ರೆಡ್ ಪ್ರತಿ ಪೇಜ್ ಮುಟ್ಟಿಕೊಂಡು ಹೋಗುತ್ತದೆ, ಲಾಗ್ ಅಲ್ಲಿಗೆ ಬರುವಷ್ಟರಲ್ಲಿ ಫಾಲ್ಟ್ ಎಲ್ಲಾ ಮುಗಿದಿರುತ್ತದೆ. ತಲೆಬರಹದ ಪೇಜೇ ಕೆಟ್ಟಿದ್ದರೆ ಬಸ್ ಎರರ್ ಹಿಡಿದು, ನೇರ ಝೀರೋ ರೇಂಜ್‌ಗೆ ಹೋಗುತ್ತೇನೆ.

ಒಂದು ಪರೀಕ್ಷೆ ಬಾಕಿ ಇದೆ. ತೆಗೆದಿಟ್ಟ ರ್‍ಯಾಮ್ ಕರೆಂಟ್ ಹೋದರೆ ಎಲ್ಲವನ್ನೂ ಮರೆಯುತ್ತದೆ. ವರ್ಚುವಲ್ ಮಷೀನ್ ಕೊಂದರೆ ಸಿಪಿಯು ಕ್ಯಾಶ್ ಹಾಗೇ ಉಳಿಯುತ್ತದೆ. ಎರಡರಲ್ಲೂ ನಿಜವಾದ ಪ್ಲಗ್ ಕೀಳುವ ಪರೀಕ್ಷೆ ಆಗಲ್ಲ. ಬೆಂಗಳೂರಿನ ಗೆಳೆಯನೊಬ್ಬ ಹಳೇ ಸರ್ವರ್ ಜೊತೆ ಎರಡು ಆಪ್ಟೇನ್ ಕಡ್ಡಿ ಇಟ್ಟಿದ್ದಾನೆ. ಮುಂದಿನ ತಿಂಗಳು ಹೋಗಿ, ಝೀರೋ ರೇಂಜ್ ಮತ್ತು ಎಫ್‌ಸಿಂಕ್ ನಡುವಿನ ಸಂದಿಯಲ್ಲೇ ಪ್ಲಗ್ ಕೀಳಬೇಕು.