ಕತ್ತಲು ಕತ್ತಲಾಗಿಯೇ ಕಾಣಬೇಕು: ಟಿವಿ, ಪ್ರೊಜೆಕ್ಟರ್, ಟ್ಯಾಬ್ ಮೂರರಲ್ಲೂ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನಾನು ಟಿವಿ ಪಾರ್ಟಿ. 43 ಇಂಚಿನ, ವಿಎ ಪ್ಯಾನೆಲ್ (ಪರದೆಯ ಒಂದು ಬಗೆ) ಇರುವ ಎಲ್‌ಇಡಿ ಟಿವಿ ತಗೊಂಡೆ. ಕೊಟ್ಟ ದುಡ್ಡಿಗೆ ಮೋಸವಾಗಿಲ್ಲ. ಅದಕ್ಕೆ ಮುಂಚೆ ಭಾವನವರ ಪ್ರೊಜೆಕ್ಟರನ್ನು ಒಂದು ಮಳೆಗಾಲ ಪೂರ್ತಿ ಮನೆಯಲ್ಲಿಟ್ಟುಕೊಂಡಿದ್ದೆ. ಅದಕ್ಕೂ ಮುಂಚೆ ಟ್ಯಾಬ್ ಮತ್ತು ಹೆಡ್‌ಫೋನೇ ಗತಿ.

ನಾನು ನೋಡುವುದು ಹಾರರ್, ಅನಿಮೆ (ಜಪಾನಿ ಆ್ಯನಿಮೇಶನ್), ಸೈನ್ಸ್ ಫಿಕ್ಷನ್, ಇಷ್ಟೇ. ನೋಡುವ ಹೊತ್ತು ರಾತ್ರಿ ಹತ್ತರ ಮೇಲೆ, ಮನೆಯವರೆಲ್ಲ ಮಲಗಿದ ಮೇಲೆ, ಲೈಟ್ ಆರಿಸಿಕೊಂಡು. ಹಾಗಾಗಿ ಹಗಲು ಹೊತ್ತು ಕ್ರಿಕೆಟ್ ನೋಡಲು ಟಿವಿ ಹುಡುಕುತ್ತಿರುವವರಿಗೆ ನನ್ನ ಲೆಕ್ಕಾಚಾರ ಹೊಂದಲಿಕ್ಕಿಲ್ಲ. ರೆಸಲ್ಯೂಶನ್ ಎಷ್ಟು, ಪೋರ್ಟ್ ಎಷ್ಟು ಅನ್ನುವುದೆಲ್ಲ ಡಬ್ಬದ ಮೇಲೇ ಇರುತ್ತದೆ. ಅದನ್ನು ಬಿಟ್ಟಿದ್ದೇನೆ.

ನನಗೆ ಬೇಕಾಗಿದ್ದು ಒಂದೇ, ಒಳ್ಳೆಯ ಕಪ್ಪು. ದೆವ್ವ ಬಾಗಿಲ ಹಿಂದಿನ ಕತ್ತಲಲ್ಲಿ ನಿಂತಿರುತ್ತದೆ. ಅಲ್ಲಿ ಏನೋ ಇದೆ ಅಂತ ಅನುಮಾನ ಬರಬೇಕು, ಆದರೆ ಕಾಣಬಾರದು. ಬಾಹ್ಯಾಕಾಶದ ಸಿನಿಮಾದಲ್ಲಂತೂ ಅರ್ಧ ಪರದೆ ಕಪ್ಪೇ. ಆ ಕಪ್ಪು ಬೂದಿ ಬಣ್ಣಕ್ಕೆ ತಿರುಗಿದರೆ ಮುಗಿಯಿತು.

ಪ್ರೊಜೆಕ್ಟರ್ ಸೋತಿದ್ದು ಇಲ್ಲೇ. ಅದು ಬೆಳಕು ಬಿಡಬಲ್ಲದು, ಕತ್ತಲು ಬಿಡಲಾರದು. ಕಪ್ಪು ಅಂದರೆ ಅದರ ಪಾಲಿಗೆ ಬೆಳಕು ಬೀಳದ ಗೋಡೆ, ಅಷ್ಟೇ. ಅಗ್ಗದ ಪ್ರೊಜೆಕ್ಟರ್‌ಗಳಲ್ಲಿ ಕಪ್ಪು ಇರಬೇಕಾದ ಕಡೆಯೂ ಒಂದಿಷ್ಟು ಬೆಳಕು ಸೋರುತ್ತಲೇ ಇರುತ್ತದೆ. ನಮ್ಮ ಗೋಡೆ ಬೇರೆ ತಿಳಿ ಹಳದಿ. ಬಾಹ್ಯಾಕಾಶ ನೌಕೆ ಹೊಗೆಯಲ್ಲಿ ಹೋಗುತ್ತಿದೆಯೋ ಆಕಾಶದಲ್ಲಿ ಹೋಗುತ್ತಿದೆಯೋ ಗೊತ್ತಾಗುತ್ತಿರಲಿಲ್ಲ. ಅಗಲ ಸಿನಿಮಾಗಳಿಗೆ ಮೇಲೆ ಕೆಳಗೆ ಬರುವ ಕಪ್ಪು ಪಟ್ಟಿಗಳೂ ಬೂದಿ ಬಣ್ಣಕ್ಕೆ ಹೊಳೆಯುತ್ತಿದ್ದವು. ಹಾರರ್ ಸಿನಿಮಾ ಉಸಿರು ಬಿಗಿಹಿಡಿಯುವ ಜಾಗಕ್ಕೆ ಬಂದಾಗಲೇ ಅದರ ಫ್ಯಾನ್ ಗೊರ್ ಅನ್ನುತ್ತಿತ್ತು.

ಭಾವನವರ ಮೇಲೆ ಸಿಟ್ಟಿಲ್ಲ. ಆನ್‌ಲೈನ್ ಸೇಲ್‌ನಲ್ಲಿ ಸಾವಿರಗಟ್ಟಲೆ ಲ್ಯೂಮೆನ್ಸ್ (ಬೆಳಕಿನ ಅಳತೆ) ಅಂತ ಬರೆದಿದ್ದರೆ ಯಾರಾದರೂ ತಗೋತಾರೆ. ಕೇಳಬೇಕಾದ್ದು ಆನ್ಸಿ ಲ್ಯೂಮೆನ್ಸ್ ಎಷ್ಟು ಅಂತ. ಅದನ್ನು ಅಳೆಯಲು ಒಂದು ಗೊತ್ತಾದ ಪದ್ಧತಿ ಇದೆ. ಇನ್ನು '4ಕೆ ಸಪೋರ್ಟ್' ಅಂದರೆ 4ಕೆ ಫೈಲನ್ನು ಓಡಿಸುತ್ತದೆ ಅಂತ ಅರ್ಥ. ಗೋಡೆ ಮೇಲೆ ಬೀಳುವ ಚಿತ್ರ 720ಪಿ ಇರಬಹುದು. 'ನೇಟಿವ್', ಅಂದರೆ ಅದು ನಿಜವಾಗಿ ತೋರಿಸುವ ರೆಸಲ್ಯೂಶನ್ ಎಷ್ಟು ಅಂತ ಕೇಳಿ.

ಒಂದು ಮಾತು ಅದರ ಪರವಾಗಿ: ಅನಿಮೆ ಅದರಲ್ಲಿ ಚೆನ್ನಾಗಿಯೇ ಕಂಡಿತು. ಬಣ್ಣಗಳು ದಟ್ಟ, ಗೆರೆಗಳು ಸ್ಪಷ್ಟ, ಕತ್ತಲ ಆಟ ಕಡಿಮೆ. ಅಕ್ಕನ ಮಕ್ಕಳು ಬಂದಾಗ ಚಾಪೆ ಹಾಸಿ ಗೋಡೆ ತುಂಬ ಅನಿಮೆ ಬಿಟ್ಟರೆ ಅದಕ್ಕೆ ಸಾಟಿಯಿಲ್ಲ.

ಟಿವಿ ಆರಿಸುವಾಗ ನಾನು ಅಂಗಡಿಗೆ ಒಂದು ಪೆನ್‌ಡ್ರೈವ್ ತಗೊಂಡು ಹೋದೆ. ಶೋರೂಮ್‌ನಲ್ಲಿ ಯಾವಾಗಲೂ ಗಿಳಿ, ಹೂವು, ಜಲಪಾತವೇ ಓಡುತ್ತಿರುತ್ತದೆ. ಅದರಲ್ಲಿ ಎಲ್ಲ ಟಿವಿಯೂ ಚೆಂದ. ನಾನು ಹಾಕಿಸಿದ್ದು ಮೋಂಬತ್ತಿ ಹಿಡಿದು ಕತ್ತಲೆ ಓಣಿಯಲ್ಲಿ ನಡೆಯುವ ಒಂದು ದೃಶ್ಯ. ಹುಡುಗ ಗಾಬರಿಯಾಗಿ "ಸಾರ್, ಬ್ರೈಟ್‌ನೆಸ್ ಜಾಸ್ತಿ ಮಾಡ್ಲಾ?" ಅಂದ. ಬೇಡ, ಕಡಿಮೆ ಮಾಡಪ್ಪ ಅಂದೆ. ಅಕ್ಕಪಕ್ಕ ನಿಲ್ಲಿಸಿದ್ದ ಎರಡು ಟಿವಿಗಳಲ್ಲಿ ಒಂದರ ಮೂಲೆಗಳು ಬೆಳ್ಳಗೆ ಹೊಗೆಯಾಡುತ್ತಿದ್ದವು. ಅದು ಐಪಿಎಸ್ ಅನ್ನುವ ಬೇರೆ ಬಗೆಯ ಪ್ಯಾನೆಲ್. ಇನ್ನೊಂದು ವಿಎ, ಅದರಲ್ಲಿ ಮೋಂಬತ್ತಿ ಮತ್ತು ಮುಖ ಮಾತ್ರ ಇತ್ತು. ಸಾಮಾನ್ಯವಾಗಿ ಐಪಿಎಸ್‌ನಲ್ಲಿ ಬಿಳಿ ಕಪ್ಪಿಗಿಂತ ಸುಮಾರು 1000 ಪಟ್ಟು ಬೆಳಗುತ್ತದೆ, ವಿಎಯಲ್ಲಿ 3000 ಪಟ್ಟು ಅಥವಾ ಅದಕ್ಕೂ ಮೇಲೆ. ಲೈಟ್ ಆರಿಸಿದ ಕೋಣೆಯಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ವಿಎ ಪ್ಯಾನೆಲನ್ನು ಪಕ್ಕದಿಂದ ನೋಡಿದರೆ ಬಣ್ಣ ಪೇಲವ. ನಾನೊಬ್ಬನೇ ನೇರ ಎದುರು ಕೂರುವವನು, ನನಗೇನೂ ತೊಂದರೆಯಿಲ್ಲ. ಒಂದೇ ಮಾಡೆಲ್‌ನಲ್ಲೂ ಇಂಚು ಬದಲಾದರೆ ಪ್ಯಾನೆಲ್ ಬದಲಾಗಬಹುದು, ಅದನ್ನು ಮಾತ್ರ ನೋಡಿಕೊಳ್ಳಿ.

ಈಗ ನನ್ನ ಮೆಚ್ಚಿನ ಟಿವಿಯ ಕಿರಿಕಿರಿಗೆ ಬರುತ್ತೇನೆ. ಮೋಷನ್ ಸ್ಮೂದಿಂಗ್, ಅಂದರೆ ಚಿತ್ರದ ಚಲನೆಯನ್ನು ಟಿವಿ ತಾನೇ ನುಣುಪು ಮಾಡುವುದು. ಇದರಿಂದಾಗಿ ಮೊದಲ ರಾತ್ರಿಯೇ ಟಿವಿ ವಾಪಸ್ ಕೊಟ್ಟುಬಿಡೋಣ ಅನ್ನಿಸಿತ್ತು.

ಆ ರಾತ್ರಿ ಹಾಕಿದ್ದು 1998ರ ಜಪಾನಿ ಸಿನಿಮಾ 'ರಿಂಗು'. ಹಿಡಿಯೊ ನಕಾತಾ ನಿರ್ದೇಶನ. ಕೊನೆಯಲ್ಲಿ ಕೂದಲು ಮುಖದ ಮೇಲೆ ಇಳಿಬಿಟ್ಟ ದೆವ್ವ ಸದಾಕೊ ಬಾವಿಯಿಂದ ಎದ್ದು, ನಡೆದು, ಟಿವಿಯೊಳಗಿಂದಲೇ ಕೋಣೆಗೆ ಬರುತ್ತಾಳೆ. ಆ ನಡಿಗೆ ಮನುಷ್ಯರದ್ದಲ್ಲ ಅನ್ನಿಸುತ್ತದೆ, ಅಲ್ವಾ? ನಟಿ ಹಿಂದು ಹಿಂದಕ್ಕೆ ನಡೆದದ್ದನ್ನು ಚಿತ್ರೀಕರಿಸಿ, ಆಮೇಲೆ ಅದನ್ನು ಉಲ್ಟಾ ಓಡಿಸಿದ್ದಾರೆ. ತೂಕ ತಪ್ಪಿದ, ಎಳೆದೆಳೆದು ಬರುವ ಆ ಚಲನೆಯಲ್ಲೇ ಭಯ ಇರುವುದು. ನನ್ನ ಹೊಸ ಟಿವಿ ಅದನ್ನೆಲ್ಲ ನುಣ್ಣಗೆ ಉಜ್ಜಿಬಿಟ್ಟಿತ್ತು. ಮಧ್ಯಾಹ್ನದ ಧಾರಾವಾಹಿಯಲ್ಲಿ ಸೊಸೆ ಕಾಫಿ ಲೋಟ ಹಿಡಿದು ಹಾಲ್‌ಗೆ ಬಂದ ಹಾಗೆ ಬಂದಳು ಸದಾಕೊ. ನನಗೆ ನಗು ಬಂತು. ಹಾರರ್ ಸಿನಿಮಾಕ್ಕೆ ಇದಕ್ಕಿಂತ ಅವಮಾನ ಇಲ್ಲ.

ಆಗುವುದು ಇಷ್ಟು. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್. ಈ ಬೆಲೆಯ ಟಿವಿಗಳು ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತವೆ. 24ರಿಂದ 60 ಸಮವಾಗಿ ಭಾಗವಾಗುವುದಿಲ್ಲ. ಹಾಗಾಗಿ ಒಂದು ಫ್ರೇಮನ್ನು ಮೂರು ಸಲ, ಮುಂದಿನದನ್ನು ಎರಡು ಸಲ ತೋರಿಸಿ ಹೊಂದಿಸುತ್ತಾರೆ. ಕ್ಯಾಮೆರಾ ನಿಧಾನಕ್ಕೆ ಪಕ್ಕಕ್ಕೆ ತಿರುಗುವಾಗ ಚಿತ್ರ ಸ್ವಲ್ಪ ತಡವರಿಸುವುದು ಇದರಿಂದ. ಆ ತಡವರಿಕೆ ಮುಚ್ಚಲು ಟಿವಿ ಎರಡು ಫ್ರೇಮ್‌ಗಳ ನಡುವೆ ತಾನೇ ಊಹಿಸಿ ಹೊಸ ಫ್ರೇಮ್‌ಗಳನ್ನು ತುರುಕುತ್ತದೆ. ನಿರ್ದೇಶಕ ತೆಗೆಯದೇ ಇದ್ದ ಚಿತ್ರವನ್ನು ನಾವು ನೋಡುತ್ತಾ ಕೂರುತ್ತೇವೆ.

ಅನಿಮೆಗೆ ಇನ್ನೂ ಕಷ್ಟ. ಅಲ್ಲಿ 24 ಫ್ರೇಮ್‌ಗೂ 24 ಚಿತ್ರ ಬರೆಯುವುದಿಲ್ಲ. ಒಂದೇ ಚಿತ್ರವನ್ನು ಎರಡು ಅಥವಾ ಮೂರು ಫ್ರೇಮ್ ನಿಲ್ಲಿಸುತ್ತಾರೆ. ಅಂದರೆ ಸೆಕೆಂಡಿಗೆ 12 ಅಥವಾ 8 ಚಿತ್ರ. ಇದು ಬರೀ ದುಡ್ಡು ಉಳಿಸುವ ದಾರಿಯಲ್ಲ, ಲಯವೂ ಹೌದು. ಕತ್ತಿ ಎತ್ತಿದ ಕೈ ಕ್ಷಣ ನಿಂತು, ಥಟ್ಟನೆ ಕೆಳಗಿರುತ್ತದೆ. ಪೆಟ್ಟಿನ ಜೋರು ಆ ಥಟ್ಟನೆಯಲ್ಲೇ ಇರುವುದು. ಟಿವಿಗೆ ಇದು ಗೊತ್ತಿಲ್ಲ. ಅದು ಮಧ್ಯದ ಚಿತ್ರವನ್ನು ಊಹಿಸಲು ಹೋಗುತ್ತದೆ. ಕತ್ತಿಯ ಅಂಚು ಕರಗುತ್ತದೆ, ಕೈಬೆರಳು ಕಲಸಿಹೋಗುತ್ತವೆ, ಹಿನ್ನೆಲೆಯ ಗೆರೆಗಳು ಪಾತ್ರದ ಭುಜಕ್ಕೆ ಅಂಟಿಕೊಂಡು ಬರುತ್ತವೆ. ನಂಬಿಕೆ ಇಲ್ಲದಿದ್ದರೆ ಒಂದು ಹೊಡೆದಾಟದ ಮಧ್ಯೆ ಪಾಸ್ ಒತ್ತಿ ನೋಡಿ. 2018ರ 'ಸ್ಪೈಡರ್‌-ಮ್ಯಾನ್: ಇನ್ ಟು ದ ಸ್ಪೈಡರ್‌-ವರ್ಸ್' ಅನಿಮೆ ಅಲ್ಲ, ಆದರೂ ಉದಾಹರಣೆಗೆ ಹೇಳುತ್ತೇನೆ. ಸ್ಪೈಡರ್‌-ಮ್ಯಾನ್ ಆಗಿ ಇನ್ನೂ ಪಳಗದ ಹುಡುಗ ಮೈಲ್ಸ್‌ನನ್ನು ಸೆಕೆಂಡಿಗೆ 12 ಚಿತ್ರದಲ್ಲಿ, ಪಳಗಿದ ಪೀಟರ್‌ನನ್ನು 24ರಲ್ಲಿ ಒಟ್ಟಿಗೆ ಓಡಿಸಿದ ದೃಶ್ಯ ಅದರಲ್ಲಿದೆ. ಸ್ಮೂದಿಂಗ್ ಆನ್ ಇದ್ದರೆ ಇಬ್ಬರೂ ಒಂದೇ.

ಹಾಲಿವುಡ್‌ನವರಿಗೂ ಇದರ ಮೇಲೆ ಸಿಟ್ಟಿದೆ. 2018ರ ಡಿಸೆಂಬರ್‌ನಲ್ಲಿ ಟಾಮ್ ಕ್ರೂಸ್ ಮತ್ತು ನಿರ್ದೇಶಕ ಕ್ರಿಸ್ಟೋಫರ್ ಮ್ಯಾಕ್‌ಕ್ವಾರಿ ಇದನ್ನು ಆಫ್ ಮಾಡಿ ಅಂತ ಕೇಳಿಕೊಂಡು ಒಂದು ವಿಡಿಯೊ ಬಿಟ್ಟಿದ್ದರು. ಮರುವರ್ಷ 'ಫಿಲ್ಮ್‌ಮೇಕರ್ ಮೋಡ್' ಘೋಷಣೆಯಾಯಿತು. ಅದರಲ್ಲಿ ಸ್ಮೂದಿಂಗ್ ತಾನಾಗಿಯೇ ಆಫ್.

ಆದರೆ ಎಲ್ಲ ಟಿವಿಯಲ್ಲೂ ಆ ಮೋಡ್ ಇಲ್ಲ. ಇಲ್ಲದಿದ್ದರೆ ಸೆಟಿಂಗ್ಸ್‌ನಲ್ಲಿ ಹುಡುಕಬೇಕು, ಅಲ್ಲಿ ಹೆಸರು ಕಂಪನಿಗೊಂದು. ಸೋನಿಯಲ್ಲಿ 'ಮೋಷನ್‌ಫ್ಲೋ', ಎಲ್‌ಜಿಯಲ್ಲಿ 'ಟ್ರೂಮೋಷನ್', ಸ್ಯಾಮ್‌ಸಂಗ್‌ನ ಹಲವು ಮಾಡೆಲ್‌ಗಳಲ್ಲಿ 'ಆಟೋ ಮೋಷನ್ ಪ್ಲಸ್'. ನನ್ನ ಟಿವಿಯದ್ದು ಇನ್ನೊಂದು ರಗಳೆ. ಸೆಟ್‌ಟಾಪ್ ಬಾಕ್ಸ್‌ಗೆ ಒಂದು ಸಲ, ಒಳಗಿನ ಆ್ಯಪ್‌ಗಳಿಗೆ ಒಂದು ಸಲ, ಎಚ್‌ಡಿಆರ್ (ಬೆಳಕು-ಕತ್ತಲಿನ ಅಂತರ ಹೆಚ್ಚಿರುವ) ಸಿನಿಮಾ ಶುರುವಾದ ಮೇಲೆ ಮತ್ತೊಂದು ಸಲ, ಹೀಗೆ ಬೇರೆ ಬೇರೆಯಾಗಿ ಆಫ್ ಮಾಡಬೇಕು. ಎಲ್ಲ ಮಾಡಿ ಕೂತೆ. ಸಾಫ್ಟ್‌ವೇರ್ ಅಪ್‌ಡೇಟ್ ಆಯಿತು, ಎಲ್ಲ ಮೊದಲಿನ ಹಾಗೆ.

ಜೊತೆಗೆ ಅಮ್ಮ. ನಾನು ಹಾಕಿದ ಮೋಡ್‌ನಲ್ಲಿ ಬಿಳಿ ಬಣ್ಣ ಸ್ವಲ್ಪ ಬೆಚ್ಚಗಿರುತ್ತದೆ, ಅದು ಸಿನಿಮಾಕ್ಕೆ ಸರಿ. ಅಮ್ಮನಿಗೆ ಅದು ಸರಿ ಅಲ್ಲ. "ಏನೋ ಇದು, ಎಲ್ಲರ ಮುಖವೂ ಹಳದಿ. ಟಿವಿ ಹಾಳಾಗಿದೆ, ಅಂಗಡಿಯವನಿಗೆ ಫೋನ್ ಮಾಡು" ಅಂದರು. ಸೆಟ್‌ಟಾಪ್ ಬಾಕ್ಸ್ ಬರುವ ಎಚ್‌ಡಿಎಂಐ ಪೋರ್ಟನ್ನು ಮಾತ್ರ ವಿವಿಡ್ (ಬಣ್ಣ, ಬೆಳಕು ಜಾಸ್ತಿ ಇರುವ) ಮೋಡ್‌ನಲ್ಲೇ ಬಿಟ್ಟೆ. ಬೇರೆ ಬೇರೆ ಸೆಟಿಂಗ್ ಇಡುವ ರಗಳೆ ಇಲ್ಲಿ ಉಪಯೋಗಕ್ಕೆ ಬಂತು. ಆದರೆ ಈಚೆಗೆ ಅವರು ತಪ್ಪಿಹೋದ ಎಪಿಸೋಡ್‌ಗಳನ್ನು ಆ್ಯಪ್‌ನಲ್ಲಿ ನೋಡುವುದನ್ನು ಕಲಿತಿದ್ದಾರೆ. ಈಗ ಮೋಡ್ ಬದಲಿಸುವುದು ರಾತ್ರಿಯ ಮೊದಲ ಕೆಲಸ.

ಟ್ಯಾಬ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಆದರೆ ಅದನ್ನು ಮಾರಿಲ್ಲ. ನನ್ನದರಲ್ಲಿ ಈ ಸ್ಮೂದಿಂಗ್ ಕಾಟವೇ ಇಲ್ಲ. ಮಲೆನಾಡಿನ ಮಳೆಗೆ ಕರೆಂಟ್ ಹೋದರೂ ಸಿನಿಮಾ ನಿಲ್ಲುವುದಿಲ್ಲ. ಅನಿಮೆಯಲ್ಲಿ ಅಂಗಡಿ ಬೋರ್ಡಿನ ಅನುವಾದ ಮೇಲೆ, ಮಾತಿನ ಅನುವಾದ ಕೆಳಗೆ ಒಟ್ಟಿಗೆ ಬರುತ್ತದಲ್ಲ, ಅದನ್ನು ಹತ್ತಿರದಿಂದ ಓದುವುದೇ ಸುಲಭ. ಕತ್ತು ನೋವು ಮಾತ್ರ ಖಾಯಂ. ಅದರದ್ದೂ ಐಪಿಎಸ್ ಪರದೆಯೇ, ಕಪ್ಪು ಸುಮಾರು.

ಶಬ್ದದಲ್ಲಿ ಮಾತ್ರ ಹೆಡ್‌ಫೋನ್‌ಗೆ ಪೂರ್ತಿ ಅಂಕ. ಬೆನ್ನ ಹಿಂದೆ ಮರದ ಹಲಗೆ ಕಿರ್ ಅಂದರೆ ತಿರುಗಿ ನೋಡಲೇಬೇಕು. ಟಿವಿಯ ತೆಳು ಸ್ಪೀಕರ್‌ನಲ್ಲಿ ಅದು ತಗಡು ಬಡಿದ ಸದ್ದು. ಈಗ ಅದೇ ಹೆಡ್‌ಫೋನನ್ನು ಬ್ಲೂಟೂತ್‌ನಲ್ಲಿ ಟಿವಿಗೆ ಹಾಕಿಕೊಳ್ಳುತ್ತೇನೆ. ತುಟಿಗೂ ಮಾತಿಗೂ ಹೊಂದದೇ ಹೋದರೆ ಆಡಿಯೊ ಡಿಲೇ ಸೆಟಿಂಗ್ ನೋಡಿ.

ಸ್ಟ್ರೀಮಿಂಗ್‌ನಲ್ಲಿ ನೆಟ್ ನಿಧಾನವಾದರೆ ಕತ್ತಲ ಜಾಗದಲ್ಲಿ ಚೌಕ ಚೌಕ ಏಳುತ್ತದೆ. ಇದಕ್ಕೆ ಮೂರರಲ್ಲೂ ಮದ್ದಿಲ್ಲ. ಹಾರರ್ ಆದರೆ ಡೌನ್‌ಲೋಡ್ ಮಾಡಿಕೊಂಡೇ ನೋಡುತ್ತೇನೆ.

ಬಜೆಟ್ ಕೇಳಿದರೆ, ನನ್ನ ಮಿತಿ 30 ಸಾವಿರ. ಪ್ರತಿ ಚುಕ್ಕೆಯೂ ತಾನೇ ಬೆಳಗಿ ತಾನೇ ಆರುವ ಓಎಲ್‌ಇಡಿಯ ಕಪ್ಪಿನ ಮುಂದೆ ವಿಎ ಏನೂ ಅಲ್ಲ, ಆದರೆ ಅದರ ಬೆಲೆ ನನ್ನ ಮಿತಿಯಿಂದ ಬಹಳ ದೂರ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿರುವುದರಿಂದ 43 ಇಂಚು ಈಗ ಮೊದಲಿನಷ್ಟು ಭಾರವಲ್ಲ. ಒಬ್ಬರೇ, ರಾತ್ರಿ, ನೇರ ಕೂತು ನೋಡುವವರಾದರೆ ವಿಎ ಟಿವಿ ತಗೊಳ್ಳಿ. ಅನಿಮೆ ಒಂದೇ ಸಾಕು ಅನ್ನುವವರು ಟ್ಯಾಬ್‌ನಲ್ಲೇ ಇರಬಹುದು, ಸುಮ್ನೆ ಖರ್ಚು ಬೇಡ. ಪ್ರೊಜೆಕ್ಟರ್ ಬೇಕೇ ಬೇಕು ಅಂದರೆ ನಮ್ಮ ಭಾವನವರು ಮಾರುತ್ತಿದ್ದಾರೆ, ಆದರೆ ಫ್ಯಾನ್ ಸದ್ದು ಕೇಳಿಸಿಕೊಂಡೇ ದುಡ್ಡು ಕೊಡಿ.