ಕೊಲ್ಹಾಪುರದ ಅರಮನೆಯೋ, ಸಾವಂತವಾಡಿಯದೋ?

ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜದ ನಮಗೆ ಎರಡೂ ಅರಮನೆಗಳು ಒಂದೇ ದಿನದಲ್ಲಿ ಹೋಗಿ ಬರುವಷ್ಟು ದೂರ. ಉತ್ತರಕ್ಕೆ ಹೊರಟರೆ ಕೊಲ್ಹಾಪುರದ ನ್ಯೂ ಪ್ಯಾಲೇಸ್. ಆಜರಾ ದಾಟಿ ಅಂಬೋಲಿ ಘಾಟ್ ಇಳಿದರೆ ಸಾವಂತವಾಡಿ. "ಹುಡುಗೂರ್ನ ಕರಕೊಂಡು ಯಾವುದಕ್ಕ ಹೋಗೂಣು?" ಎಂದು ಓಣಿಯವರು ಕೇಳುತ್ತಲೇ ಇರುತ್ತಾರೆ. ಈ ಚಳಿಗಾಲದಲ್ಲಿ ಅವ್ವನ ಜೊತೆ ಎರಡನ್ನೂ ನೋಡಿ ಬಂದೆ. ಕಲೆ ನೋಡಬೇಕು ಅನ್ನುವವರಿಗೆ ನಾನು ಸಾವಂತವಾಡಿಯನ್ನೇ ಹೇಳುತ್ತೇನೆ.

ಕಟ್ಟಡದ ಮಾತು ಬಂದರೆ ಕೊಲ್ಹಾಪುರದ್ದೇ ಮೇಲುಗೈ. ಮೇಜರ್ ಚಾರ್ಲ್ಸ್ ಮ್ಯಾಂಟ್ ಎಂಬ ಇಂಗ್ಲಿಷ್ ಎಂಜಿನಿಯರ್ ನಕ್ಷೆ ಹಾಕಿ, 1877ರಿಂದ 1884ರವರೆಗೆ ಕರಿಕಲ್ಲಿನಲ್ಲಿ ಎತ್ತಿದ ಅರಮನೆ, ನಡುವೆ ಗಡಿಯಾರದ ಗೋಪುರ. ದರ್ಬಾರ್ ಹಾಲಿನ ಬಣ್ಣದ ಗಾಜುಗಳಲ್ಲಿ ಶಿವಾಜಿ ಮಹಾರಾಜರ ಜೀವನದ ಪ್ರಸಂಗಗಳಿವೆ. ಹೊರಗಿನಿಂದ ಕಪ್ಪಗೆ ಕಾಣುವ ಗಾಜು ಒಳಗೆ ಹೋದರೆ ಬೆಳಕು ತುಂಬಿಕೊಂಡು ಹೊಳೆಯುತ್ತದೆ. ಆಯುಧ, ಅಂಬಾರಿ, ಉಡುಪು ಎಲ್ಲ ಉಂಟು. 1902ರಲ್ಲೇ ಹಿಂದುಳಿದವರಿಗೆ ಸಂಸ್ಥಾನದ ಅರ್ಧದಷ್ಟು ಹುದ್ದೆ ಮೀಸಲಿಟ್ಟ ಶಾಹೂ ಮಹಾರಾಜರ ಮನೆತನದ್ದು ಇದು ಎಂಬ ಕಾರಣಕ್ಕಾದರೂ ಒಮ್ಮೆ ಹೋಗಲೇಬೇಕು. ಮಕ್ಕಳಂತೂ ಹುಲ್ಲು ತುಂಬಿಸಿಟ್ಟ ಹುಲಿಗಳ ಮುಂದಿನಿಂದ ಕದಲುವುದಿಲ್ಲ. ಅವ್ವ ಮಾತ್ರ ಅಲ್ಲಿ ಬಹಳ ಹೊತ್ತು ನಿಲ್ಲಲಿಲ್ಲ. "ಪಾಪ, ಎಷ್ಟ ಚಂದ ಇದ್ದುವೇನೋ," ಅಂದು ಮುಂದೆ ನಡೆದಳು.

ಅವತ್ತೇ ಸಂಜೆ ರಾಜಾರಾಮಪುರಿಯಲ್ಲಿ ಚಂದ್ರಕಾಂತ ಮಾಂಡರೆ ಅವರ ಮನೆಗೂ ಹೋಗಿದ್ದೆವು. ಮರಾಠಿ ಸಿನಿಮಾ ನಟರಾಗಿದ್ದ ಅವರು ಚಿತ್ರಕಾರರೂ ಹೌದು; ತಮ್ಮ ಮನೆಯನ್ನೂ ಚಿತ್ರಗಳನ್ನೂ ಸರ್ಕಾರಕ್ಕೆ ಬಿಟ್ಟುಕೊಟ್ಟರು. ಅರಮನೆಗೆ ಹೋದವರು ಇದನ್ನು ತಪ್ಪಿಸಿಕೊಳ್ಳಬಾರದು.

ಸಾವಂತವಾಡಿಯ ಅರಮನೆ ಮೋತಿ ತಲಾವ್ ಎದುರಿಗಿದೆ. ಕೆಂಪು ಜಂಬಿಟ್ಟಿಗೆ ಕಲ್ಲಿನದು, ಕೊಲ್ಹಾಪುರದ ಮುಂದೆ ಚಿಕ್ಕದು. ಆದರೆ ಇಲ್ಲಿ ಚಿತ್ರ ಬರೆಯುವವರು ಅರಮನೆಯೊಳಗೇ ಕೂತಿರುತ್ತಾರೆ. ಅವರು ಮಾಡುವುದು ಗಂಜೀಫಾ, ಅಂದರೆ ದುಂಡನೆಯ ಇಸ್ಪೀಟ್ ಎಲೆ. ದಶಾವತಾರದ ಕಟ್ಟಿನಲ್ಲಿ ಒಂದೊಂದು ಅವತಾರಕ್ಕೆ 12ರಂತೆ ಒಟ್ಟು 120 ಎಲೆ: ಒಬ್ಬ ರಾಜ, ಒಬ್ಬ ಪ್ರಧಾನಿ, ಮಿಕ್ಕವು ಒಂದರಿಂದ ಹತ್ತು. ಮತ್ಸ್ಯಕ್ಕೆ ಮೀನು, ಪರಶುರಾಮನಿಗೆ ಕೊಡಲಿ, ಹೀಗೆ ಗುರುತು ಎಣಿಸಿ ಆಡುವುದು. ನಮ್ಮ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಪೋಷಿಸಿದ್ದೂ ಇದೇ ಗಂಜೀಫಾ ಆಟವನ್ನೇ. ಸಾವಂತವಾಡಿಯಲ್ಲಿ ಇದು ಇನ್ನೇನು ನಿಂತೇ ಹೋಯಿತು ಎನ್ನುವ ಹೊತ್ತಿಗೆ, 1970ರ ದಶಕದಲ್ಲಿ, ಇಲ್ಲಿನ ರಾಜಮನೆತನದ ಶಿವರಾಮ ರಾಜೆ ಭೋಂಸ್ಲೆ ಮತ್ತು ರಾಣಿ ಸತ್ವಶೀಲಾದೇವಿ ವಯಸ್ಸಾದ ಕಲಾವಿದರಿಂದ ಕೆಲಸ ಕಲಿತು, ಅರಮನೆಯಲ್ಲೇ ಹೊಸಬರನ್ನು ಕೂರಿಸಿದರು.

ನಾವು ಹೋದಾಗ ಒಬ್ಬಾಕೆ ಆಮೆಯ ಬೆನ್ನಿಗೆ ಗೆರೆ ಎಳೆಯುತ್ತಿದ್ದಳು. ಕುಂಚದ ತುದಿಯಲ್ಲಿ ನಾಲ್ಕಾರು ಕೂದಲಷ್ಟೇ. ಗೆರೆ ಮುಗಿಯುವ ತನಕ ಉಸಿರು ಹಿಡಿದು, ಕುಂಚ ಎತ್ತಿದ ಮೇಲೆ ಬಿಡುತ್ತಿದ್ದಳು. ಹಳೆಯ ಕಾಲದಲ್ಲಿ ಬಟ್ಟೆಗೆ ಹುಣಸೆ ಬೀಜದ ಅಂಟು ಹಚ್ಚಿ ಎಲೆ ಗಟ್ಟಿ ಮಾಡುತ್ತಿದ್ದರು ಎಂದು ಆಕೆ ಮರಾಠಿಯಲ್ಲಿ ಹೇಳಿದ್ದೇ ತಡ, ಅವ್ವನ ಮುಖ ಅರಳಿತು. "ನಮ್ಮ ಕಂಬಳಿಗೂ ಅದನ್ನ ಹಚ್ಚೂದಲ್ಲೇನು!" ಅಂದವಳೇ, ಹುಣಸೆ ಬೀಜ ಹುರಿದು, ಬೀಸಿ, ಕುದಿಸಿ ನೂಲಿಗೆ ಸರಿ, ಅಂದರೆ ಅಂಟುಗಂಜಿ, ಹಚ್ಚುವ ಬಗೆಯನ್ನೆಲ್ಲ ತನ್ನ ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಬಿಡಿಸಿ ಹೇಳಿದಳು. ಆಕೆ ಕುಂಚ ಕೆಳಗಿಟ್ಟು ಪೂರ್ತಿ ಕೇಳಿದಳು. ಕೊಲ್ಹಾಪುರದ ಅರಮನೆಯಲ್ಲಿ ಅವ್ವ ಕೈಕಟ್ಟಿಕೊಂಡು ಸುಮ್ಮನೆ ನೋಡುತ್ತ ನಡೆದಿದ್ದಳು. ಇಲ್ಲಿ ಒಂದು ಗಂಟೆ ನೆಲದ ಮೇಲೆ ಕೂತಳು. ನನಗೆ ದೊಡ್ಡದಾಗಿ ಕಂಡ ವ್ಯತ್ಯಾಸ ಇದೇ.

ಇತಿಹಾಸ ಓದುವ ಹುಡುಗರಿದ್ದರೆ ಕೊಲ್ಹಾಪುರಕ್ಕೆ ಹೋಗಿ. ರಂಗೋಲಿ ಹಾಕುವ, ಕೌದಿ ಹೊಲಿಯುವ, ಚಿತ್ರ ಬರೆಯುವ ಯಾರೇ ಮನೆಯಲ್ಲಿದ್ದರೂ ಸಾವಂತವಾಡಿಗೇ ಕರೆದೊಯ್ಯಿರಿ. ಅಲ್ಲಿನ ಚಿತಾರ ಆಳಿ ಎಂಬ ಬೀದಿಯಲ್ಲಿ ಸಿಗುವ, ಮರದಲ್ಲಿ ಮಾಡಿದ ಹಣ್ಣು, ಆಟಿಕೆಗಳಿಗೆಂದು ಒಂದು ತಾಸು ಉಳಿಸಿಕೊಳ್ಳಿ. ಮಳೆಗಾಲದಲ್ಲಿ ಅಂಬೋಲಿ ಘಾಟ್‌ನಲ್ಲಿ ಮಂಜು ಕವಿದು ಮುಂದಿನ ಗಾಡಿಯೂ ಕಾಣದು. ದೀಪಾವಳಿ ಕಳೆದ ಮೇಲೆ ಹೊರಡಿ.